ಡೋಲು ಕಾಯಿಸಿದವನು

ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟೆ. ಮೇಕಪ್ ರೂಮಿನಲ್ಲಿ ಪಿಟೀಲಿನವನು ನನ್ನ ಡೋಲನ್ನು ತೊಡೆ ಮೇಲಿಟ್ಟುಕೊಂಡು, ಹೇರ್ ಡ್ರೈಯರ್ ಹಿಡಿದು ಅದರ ಚರ್ಮಕ್ಕೆ ಬಿಸಿಗಾಳಿ ಬಿಡುತ್ತಿದ್ದ.

"ಯಾರನ್ನ ಕೇಳಿ ಮುಟ್ಟಿದ್ರಿ?"

"ಎಸಿಗೆ ಚರ್ಮ ಸಡಿಲ ಆಗಿದೆ. ಶ್ರುತಿ ಇಳಿದಿದೆ ಅಂತ ಮೇಡಂ ಬೆಳಿಗ್ಗೆ ಬೈದ್ರಲ್ಲ," ಅಂದ, ತಲೆ ಎತ್ತದೆ.

ಬೈದದ್ದು ನಿಜ. ಆರ್ಕೆಸ್ಟ್ರಾ ನಡೆಸುವ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಸಂಜೆಯೂ ಡೋಲು ಹೀಗೇ ನುಡಿದರೆ ನಿಮ್ಮ ಹಾಡು ಕಾರ್ಯಕ್ರಮದಿಂದ ಹೊರಗೆ. ನಮ್ಮ ಬೆಟ್ಟದ ಜನರ ಹಾಡು ಪಿಟೀಲು, ಚೆಲ್ಲೋಗಳ ಜೊತೆ ಮೊದಲ ಸಲ ಕೂಡುವ ದಿನ ಇದು.

ಆದರೂ ಈ ಮಹರಾಯನಿಗೆ ನಮ್ಮ ರೀತಿ ರಿವಾಜು ಏನು ಗೊತ್ತು? ನಮ್ಮಲ್ಲಿ ಹೆಣ್ಣಿನ ಡೋಲನ್ನು ಕಾಯಿಸುವುದು ಅವಳೇ, ಇಲ್ಲವೇ ಅವಳ ಮನೆಯವರು. ಹೊರಗಿನ ಗಂಡು ಕಾಯಿಸಿದನೆಂದರೆ ಅವಳನ್ನು ಮದುವೆಗೆ ಕೇಳಿದ ಹಾಗೆ.

ಮೂಲೆಯಲ್ಲಿ ಕೂತ ನನ್ನಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಅಜ್ಜೀ, ನೀನಾದ್ರೂ ಹೇಳಬಾರದಿತ್ತಾ?"

"ನಾನ್ಯಾಕೆ ಹೇಳ್ಲಿ? ರಿಹರ್ಸಲ್‌ನಲ್ಲಿ ನೀನು ತಾಳ ಬಿಟ್ಟು ಅವನ ಮುಖ ನೋಡೋದು ನಂಗೆ ಕಾಣಲ್ವಾ? ಮುದುಕಿ ಆದ್ರೂ ಕಣ್ಣು ಚೆನ್ನಾಗಿದೆ ಕಣೇ."

ನನ್ನ ಕಿವಿ ಬಿಸಿಯಾಯಿತು. ಅವನು ಡ್ರೈಯರ್ ಆಫ್ ಮಾಡಿ ಡೋಲನ್ನು ನನ್ನ ಕಡೆ ಚಾಚಿದ. ಬಡಿದೆ. ಅವನು ಪಿಟೀಲಿನ ತಂತಿ ಮೀಟಿದ. ಎರಡೂ ಒಂದೇ ಸ್ವರ! ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು.

"ಥ್ಯಾಂಕ್ಸ್. ಆದ್ರೆ ಇದನ್ನ ಕಾಯಿಸಿದ್ರೆ ನಮ್ಮಲ್ಲಿ ಏನರ್ಥ ಅಂತ ನಿಮಗೆ ಗೊತ್ತಿಲ್ಲ."

"ಗೊತ್ತು. ನಿನ್ನೆನೇ ಅಜ್ಜಿನ ಕೇಳ್ದೆ." ಈಗ ತಲೆ ಎತ್ತಿದ. "ನಿಮಗೆ ಬೇಡ ಅನ್ಸಿದ್ರೆ ಬರೀ ಶ್ರುತಿ ಮಾಡ್ದ ಅಂತ ತಿಳ್ಕೊಳ್ಳಿ. ಹಾಡಂತೂ ಉಳೀತು."

ಹೊರಗಿನಿಂದ ಮೇಡಂ ನಮ್ಮನ್ನು ಕೂಗಿದರು. ಅಜ್ಜಿ ಏನೂ ಕೇಳಿಸದವಳ ಹಾಗೆ ಎದ್ದು ಹೊರಟೇಹೋದಳು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಸಿಟ್ಟು ಎಲ್ಲಿಟ್ಟೆ ಅನ್ನುವುದೇ ಮರೆತುಹೋಗಿತ್ತು.

"ನಿಮ್ಮ ಕಡೆ ಹೆಣ್ಣು ಒಪ್ಪಿದ್ರೆ ಏನು ಮಾಡ್ತಾಳೆ?" ಕೇಳಿದೆ.

"ಏನಿಲ್ಲ. ಬಾಯಿಬಿಟ್ಟು ಹೇಳ್ತಾಳೆ."

"ಅಷ್ಟೇನಾ?"

ಡೋಲನ್ನು ಹೆಗಲಿಗೇರಿಸಿಕೊಂಡೆ. ಬೇಕೆಂದೇ ನಿಧಾನವಾಗಿ ಬಾಗಿಲ ತನಕ ನಡೆದೆ. ಪಾಪ, ಅವನು ಉಸಿರು ಬಿಗಿಹಿಡಿದು ನಿಂತಿದ್ದ.

"ಒಪ್ಪಿದೆ ಕಣೋ," ಅಂದೆ. "ಈಗ ಬೇಗ ಬಾ."

ಅವನು ಪಿಟೀಲು ಹಿಡಿದು ಓಡಿಬಂದ, ಅದನ್ನು ನುಡಿಸುವ ಕಮಾನನ್ನು ಕುರ್ಚಿಯ ಮೇಲೇ ಬಿಟ್ಟು.