ಬಂಡಿಜಾಡಿನ ಕೂಸು

ಮೇ ಹದಿನಾರು, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಸ್ಯಾಂಡ್‌ವೆಲ್ ಊರಿನ ಷೆರಿಫ್ ಕಚೇರಿಗೆ ಬಂದ ದೂರು ಹೀಗಿತ್ತು: ಹಳೆಯ ಬಂಡಿಜಾಡಿನ ನಡುವೆ ಇದ್ದ ಕೂಸಿನ ಸಮಾಧಿಯನ್ನು ಯಾರೋ ಅಗೆದು, ಎಲುಬುಗಳ ಸಮೇತ ಪೆಟ್ಟಿಗೆಯನ್ನು ಒಯ್ದಿದ್ದಾರೆ. ದೂರು ತಂದವರು ಬಂಡಿಜಾಡು ಸಂಘದ ಕಾರ್ಯದರ್ಶಿ ಡೆನ್ಸಿಲ್ ಕ್ರಾಫ್ಟ್. ಉಪ್ಪಿನ ಬಯಲಿನಿಂದ ನೇರವಾಗಿ ಬಂದಿದ್ದರು. ಅವರ ಬೂಟಿನಿಂದ ಬಿಳಿ ಉಪ್ಪುಮಣ್ಣು ಕಚೇರಿಯ ನೆಲದ ಮೇಲೆ ಹೆಂಟೆಹೆಂಟೆಯಾಗಿ ಉದುರುತ್ತಿತ್ತು.

ತನಿಖಾಧಿಕಾರಿ ಥೇನ್ ಕಿಂಬರ್ ಪ್ರಥಮ ವರ್ತಮಾನ ವರದಿ ಬರೆದುಕೊಳ್ಳುತ್ತ ಕೇಳಿದ.

"ಯಾವಾಗ ಗೊತ್ತಾಯ್ತು?"

"ಏಳೂವರೆಗೆ. ಯೂನಿವರ್ಸಿಟಿಯವರೂ ಇದ್ರು. ಗುರುವಾರ ಪೆಟ್ಟಿಗೆ ಎತ್ತೋದಲ್ವಾ, ಒಂದ್ಸಲ ಮಣ್ಣು ಸರಿಸಿ ನೋಡಿಬಿಡೋಣ ಅಂತ."

"ಬೇಲಿ ಮುರಿದಿತ್ತಾ?"

"ಇಲ್ಲ ಥೇನ್. ಬೇಲಿ ಹಂಗೇ ಇತ್ತು, ಕಲ್ಲು ಹಂಗೇ ಇತ್ತು, ಮೇಲಿನ ಮಣ್ಣೂ ಹಂಗೇ ಇತ್ತು. ಕೂಸೊಂದೇ ಇರಲಿಲ್ಲ."

ಆ ಕೂಸಿನ ಕತೆ ಕಿಂಬರನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ನೂರರವತ್ತು ವರ್ಷಗಳ ಹಿಂದೆ ಪಡುವಣಕ್ಕೆ ಹೊರಟ ಜನ, ಎತ್ತಿನ ಬಂಡಿಗಳನ್ನೂ ಕೈಗಾಡಿಗಳನ್ನೂ ಎಳೆದುಕೊಂಡು, ಮರವಿಲ್ಲದ ನೀರಿಲ್ಲದ ಈ ಬಯಲನ್ನು ದಾಟಿದ್ದರು. ಅವರು ಮೂಡಿಸಿದ ಜಾಡು ಇನ್ನೂ ಅಳಿದಿರಲಿಲ್ಲ. ಊರಿನವರು ವರ್ಷಕ್ಕೊಮ್ಮೆ ಅಜ್ಜಂದಿರ ಹಾಗೆ ಕೈಗಾಡಿ ಎಳೆದುಕೊಂಡು ಅದರಲ್ಲಿ ನಡೆಯುತ್ತಿದ್ದರು. ಕಳೆದ ಶರತ್ಕಾಲದ ಮಳೆಗೆ ಜಾಡಿನ ನಟ್ಟನಡುವೆ ಪೆಟ್ಟಿಗೆಯ ಹಲಗೆಯೊಂದು ತಲೆ ಎತ್ತಿತು. ಅದರ ಕೆಳಗೆ ನಾಲ್ಕು ವರ್ಷದ ಹೆಣ್ಣುಕೂಸು ಇತ್ತು. ಅಗೆದು ನೋಡಿದವರು ತಾರ್ಪಾಲು ಹೊದಿಸಿ, ಮಣ್ಣೆಳೆದು, ಮೊಣಕಾಲೆತ್ತರದ ಸರಪಳಿ ಬೇಲಿ ಕಟ್ಟಿ, ಕಲ್ಲು ನೆಟ್ಟರು. ಜಾಡನ್ನು ಬೇಲಿಯ ಪಕ್ಕಕ್ಕೆ ಬಳಸಿ ಹೋಗುವಂತೆ ತಿರುಗಿಸಿದರು.

ಅಲ್ಲಿಂದ ಕೂಸಿಗೆ ನಂಟರು ಹುಟ್ಟಿಕೊಂಡರು. ಮೂರು ಮನೆತನದವರು ಅದು ತಮ್ಮ ಕುಡಿ ಎಂದರು. ಬರುವ ಶನಿವಾರದ ನಡಿಗೆಯಲ್ಲಿ ಅದನ್ನು ಮೆರವಣಿಗೆ ಮಾಡಿ, ಹೆದ್ದಾರಿ ಪಕ್ಕದ ಹೊಸ ಸಂದರ್ಶಕರ ಭವನಕ್ಕೆ ತರಬೇಕೆಂದು ಸಂಘ ತೀರ್ಮಾನಿಸಿತ್ತು. ಪೆಟ್ಟಿಗೆಗೆ ಗಾಜಿನ ಗೂಡು ಆಗಲೇ ಬಂದಿತ್ತು. ಟೀವಿಯವರು ಕೋಣೆ ಕಾಯ್ದಿರಿಸಿದ್ದರು. ಶನಿವಾರದೊಳಗೆ ಕೂಸು ಸಿಗಬೇಕು, ಸಿಗದಿದ್ದರೆ ಊರಿನ ಮಾನ ಹೋಗುತ್ತದೆ ಎಂದು ಕ್ರಾಫ್ಟ್ ಎರಡೆರಡು ಸಲ ಹೇಳಿ ಎದ್ದರು.

ಮಧ್ಯಾಹ್ನ ಒಂದೂಕಾಲಿಗೆ ಕಿಂಬರ್ ಡೆಪ್ಯುಟಿ ಮರಿಸೊಲ್ ಅರಾಂದಾಳೊಂದಿಗೆ ಸ್ಥಳಕ್ಕೆ ಹೋಗಿ ಪಂಚನಾಮೆ ಶುರುಮಾಡಿದ. ಮರಿಸೊಲ್ ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಊರಿನ ಚರ್ಚ್ ಸಭೆಯವರು ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದು ಕರೆಯುತ್ತಾರೆ, ಧರ್ಮದ ಕಟ್ಟಳೆಯಂತೆ ಕಾಫಿ ಮುಟ್ಟುವುದಿಲ್ಲ. ಅವಳು ಫ್ಲಾಸ್ಕು ಬಿಟ್ಟು ಕದಲುವುದಿಲ್ಲ.

ಉಪ್ಪಿನ ಬಯಲಿಗೆ ಒಂದು ಗುಣವಿದೆ, ತನ್ನ ಮೇಲೆ ಹಾದದ್ದನ್ನು ಅದು ಮರೆಯುವುದಿಲ್ಲ. ಯಾವ ಕಾಲದ್ದೋ ಜೀಪಿನ ಗುರುತು ನಿನ್ನೆಯದರಂತೆ ಬಿದ್ದಿರುತ್ತದೆ. ಸಮಾಧಿಯ ಸುತ್ತ ಆ ಬೆಳಗಿನ ವಾಹನದ ಗುರುತು ಬಿಟ್ಟರೆ ಇದ್ದವು ಕೈಗಾಡಿಗಳ ಚಕ್ರದ ಗೆರೆಗಳು ಮಾತ್ರ. ಅವು ಹಿಂದಿನ ಶನಿವಾರದ ತಾಲೀಮು ನಡಿಗೆಯವು. ಅದರಲ್ಲಿ ಕಿಂಬರನೂ ಗಾಡಿ ತಳ್ಳಿದ್ದ. ಇದೇ ಬೇಲಿಯ ಬಳಿ ಎಲ್ಲರೊಂದಿಗೆ ಹ್ಯಾಟು ತೆಗೆದು ಪ್ರಾರ್ಥಿಸಿದ್ದ.

ಬೇಲಿಯ ಒಳಗಿನ ನೆಲದಲ್ಲಿ ಅಂಗೈಯಗಲದ ಎರಡು ತಗ್ಗುಗಳಿದ್ದವು. ಮರಿಸೊಲ್ ಬಗ್ಗಿ ನೋಡಿದಳು. ಒಣಗಿದ ಕೆಸರಿನಲ್ಲಿ ಹೊಲಿಗೆಯ ಸಾಲುಗಳು ಒಂದರ ಪಕ್ಕ ಒಂದು ಅಚ್ಚೊತ್ತಿದ್ದವು.

"ಇದು ಕೌದಿ. ಮಂಡಿ ಕೆಳಗೆ ಹಾಸ್ಕೊಂಡು ಕೂತಿದ್ದಾರೆ."

"ಯಾವತ್ತು?"

"ಮಣ್ಣು ಹಸಿ ಇದ್ದಾಗ. ಮಳೆ ಬಂದಿದ್ಯಾವಾಗ?"

"ಶುಕ್ರವಾರ ಸಂಜೆ. ಶನಿವಾರ ನಾವು ಇಲ್ಲಿಗೆ ಬರೋ ಹೊತ್ತಿಗೆ ನೆಲ ಒಣಗಿತ್ತು."

ಹಾಗಾದರೆ ಕೂಸು ಹೋದದ್ದು ತಾಲೀಮಿನವರು ಬರುವ ಮೊದಲೇ. ಹ್ಯಾಟು ತೆಗೆದು ನಿಂತ ನೂರು ಜನರೂ ಬರಿದಾದ ಗುಂಡಿಗೆ ಕೈಮುಗಿದಿದ್ದರು. ಕಿಂಬರ್ ಮಹಜರಿನಲ್ಲಿ ಸಮಯವನ್ನಷ್ಟೇ ಬರೆದ. ಗುಂಡಿಯ ಮೂಲೆಯಲ್ಲಿ ತಾರ್ಪಾಲು ಸಿಕ್ಕಿತು. ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದ್ದರು.

"ಥೇನ್, ಗೋರಿ ಕದಿಯೋನು ಹಾಸಿಗೆ ಮಡಿಸಿಟ್ಟು ಹೋಗ್ತಾನಾ?" ಎಂದು ಮರಿಸೊಲ್ ಕೇಳಿದಳು.

ಆದರೂ ತನಿಖೆಯ ಕ್ರಮ ತಪ್ಪಿಸುವಂತಿರಲಿಲ್ಲ. ಬುಧವಾರ ಬೆಳಿಗ್ಗೆ ಅವರು ಮೊದಲು ಹೋದದ್ದು ಕ್ಲೀವ್ ಸ್ಪ್ರೌಲ್‌ನ ಅಂಗಡಿಗೆ. ಜಾಡಿನಲ್ಲಿ ಹೆಕ್ಕಿದ ಹಳೆಯ ಸಾಮಾನನ್ನು ಹೆದ್ದಾರಿಯ ಪ್ರಯಾಣಿಕರಿಗೆ ಮಾರುವವನು ಅವನು. ಅದಕ್ಕಾಗಿ ಎರಡು ಸಲ ದಂಡ ಕಟ್ಟಿದ್ದ.

"ಶುಕ್ರವಾರ ರಾತ್ರಿ ಎಲ್ಲಿದ್ದೆ?"

"ನಿಮ್ಮವರ ಮನೆಯಲ್ಲೇ. ಗಡಿಯಾಚೆ ನೆವಾಡಾದ ಲಾಕಪ್ಪಲ್ಲಿ. ಜೂಜುಮನೆ ಮುಂದಿನ ಕಂಚಿನ ಕುದುರೆ ಹತ್ತಿದ್ದೆ, ಇಳಿಯೋಕಾಗಲಿಲ್ಲ."

"ಎಲುಬು ಮಾರೋಕೆ ಯಾರಾದ್ರೂ ಬಂದ್ರಾ?"

"ನಾನು ಮಾರೋದು ಅಂಗಿ ಗುಂಡಿ ಕಣಯ್ಯಾ, ಅಗೆಯೋ ಗುಂಡಿ ಅಲ್ಲ. ಎಲುಬು ಮುಟ್ಟಿದ್ರೆ ನಮ್ಮಮ್ಮ ಎದ್ದು ಬಂದು ಬಾರಿಸ್ತಾಳೆ." ಅವನು ತಲೆ ಕೆರೆದುಕೊಂಡ. "ಅಲ್ಲಾ, ಆ ಮಗೂನ ಗಾಜಿನ ಕೆಳಗಿಟ್ಟು ಟಿಕೆಟ್ ಹಚ್ಚೋಕೆ ಹೊರಟಿರೋದು ಯಾರು? ನಾನಾ?"

ಲಾಕಪ್ಪಿನವರು ಫೋನಿನಲ್ಲಿ ಹೌದೆಂದರು. ಕುದುರೆಯ ಮೇಲಿನ ಫೋಟೋ ಕೂಡ ಕಳಿಸಿಕೊಟ್ಟರು.

ತಾಲೀಮಿಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಲು ಸಂಜೆ ಐದಕ್ಕೆ ಇಬ್ಬರೂ ಸಭಾಮಂದಿರಕ್ಕೆ ಹೋದರು. ಒಳಗೆ ಮಕ್ಕಳು ಶನಿವಾರಕ್ಕೆಂದು ಪದ ಒಪ್ಪಿಸುತ್ತಿದ್ದರು. ಊರಿನ ಹಳೆಯ ಪದ ಅದು, ಯಾವುದೋ ತಾಯಿ ಜಾಡಿನಲ್ಲಿ ಹೇಳಿದಳೆನ್ನುವುದು. ಕಿಂಬರನೂ ಏಳು ವರ್ಷದವನಿದ್ದಾಗ ಇದೇ ಬೆಂಚಿನ ಮೇಲೆ ನಿಂತು ಒಪ್ಪಿಸಿದ್ದ.

ಹೂಳಿರಿ ಕೂಸನು ಜಾಡಿನ ನಡುವೆ,
ಹಾಯಿಸಿ ಬಂಡಿಯ ಮೇಲೆ.
ತೋಳವು ಅರಿಯದೆ, ಮನುಜರು ಅರಿಯದೆ
ಮಲಗಲಿ ಮಣ್ಣಿನ ಕೆಳಗೆ.

ಕಿಂಬರ್ ಬಾಗಿಲಲ್ಲೇ ನಿಂತ. ಎಷ್ಟೋ ವರ್ಷ ನಾಲಿಗೆಯ ಮೇಲೆ ಆಡಿದ ಪದ, ಆ ದಿನ ಮೊದಲ ಸಲ ಕಿವಿಯೊಳಕ್ಕೆ ಇಳಿಯಿತು. ತೋಳದ ಮಾತು ಎಲ್ಲರಿಗೂ ಗೊತ್ತಿತ್ತು, ಮನುಷ್ಯರ ಮಾತನ್ನು ಯಾರೂ ಗಮನಿಸಿರಲಿಲ್ಲ. ಗುರುತು ಉಳಿಯಬಾರದೆಂದೇ ಆ ತಾಯಿ ಮಗುವನ್ನು ಜಾಡಿನಲ್ಲಿ ಹೂಳಿಸಿ ಎಲ್ಲ ಬಂಡಿಗಳನ್ನೂ ಅದರ ಮೇಲೆ ಹಾಯಿಸಿದ್ದಳು. ಊರಿನವರು ಆ ಪದವನ್ನೇ ರಾಗವಾಗಿ ಹೇಳುತ್ತ ಬೇಲಿ ಹಾಕಿ, ಕಲ್ಲು ನೆಟ್ಟು, ಟೀವಿಯವರನ್ನು ಕರೆದಿದ್ದರು.

"ಮರಿಸೊಲ್, ಕೂಸನ್ನ ಕದ್ದಿಲ್ಲ. ತಿರುಗಿ ಹೂಳಿದ್ದಾರೆ," ಎಂದ.

"ಎಲ್ಲಿ?"

"ಜಾಡಲ್ಲೇ. ಮೇಲೆ ಗಾಡಿ ಹಾಯೋ ಕಡೆ."

ಮರಿಸೊಲ್ ಅವನತ್ತ ತಿರುಗಿದಳು. "ಹಂಗಾದ್ರೆ ನಿಮ್ಮ ಗಾಡಿಗಳು ಬರೋಕೆ ಮುಂಚೆ ಹೂಳಿರಬೇಕು. ನಿಮ್ಮೆಲ್ಲರಿಗಿಂತ ಮುಂದೆ ಹೋದವರು ಯಾರು?"

ಕಿಂಬರ್ ತಾಲೀಮಿನ ದಿನವನ್ನು ನೆನೆದ. ಶುಕ್ರವಾರ ರಾತ್ರಿ ಎಲ್ಲರೂ ಬಾವಿಯ ಬಳಿ ತಂಗಿದ್ದರು. ಸಮಾಧಿ ಅಲ್ಲಿಂದ ಎರಡು ಮೈಲಿ, ಮರಳದಿಬ್ಬದ ಬಿಡಾರ ಒಂಬತ್ತು ಮೈಲಿ. ಜನ ತಲುಪುವ ಹೊತ್ತಿಗೆ ಊಟ ಸಿದ್ಧವಿರಲೆಂದು ಅಡುಗೆಯ ಗಾಡಿ ಬೆಳಗಾಗುವ ಮೊದಲೇ ಹೊರಡುವುದು ರೂಢಿ. ಈ ಸಲ ಮಾತ್ರ ಜನ ಬಂದಾಗ ಒಲೆಗೆ ಆಗಷ್ಟೇ ಬೆಂಕಿ ಬಿದ್ದಿತ್ತು. ಬೀನ್ಸು ಬೇಯುವವರೆಗೆ ಎಲ್ಲರೂ ತಟ್ಟೆ ಹಿಡಿದು ಕೂತು, "ಅಜ್ಜಂದಿರು ಹಸಿವಿನಿಂದ ಸತ್ತದ್ದು ಹೆಂಗೆ ಅಂತ ಈಗ ಗೊತ್ತಾಯ್ತು" ಎಂದು ನಗೆಯಾಡಿದ್ದರು. ಕಿಂಬರನೂ ಆಡಿದ್ದ. ಅಡುಗೆಯ ಗಾಡಿ ಆರ್ವಾ ಟೋಲ್ಮನ್ ಅವರದು. ಮಕ್ಕಳಿಗೆ ಪದ ಕಲಿಸುತ್ತಿದ್ದವರೂ ಅವರೇ, ಸಂಘದ ಪರವಾಗಿ ಸಮಾಧಿಯನ್ನು ನೋಡಿಕೊಳ್ಳುತ್ತಿದ್ದವರೂ ಅವರೇ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ನಾಳೆ ಊರು ಆಡಿಕೊಳ್ಳುತ್ತದೆಂದು ಅವನಿಗೆ ಅನ್ನಿಸಿತು. ಗಾಡಿ ಎಳೆಯಬೇಕಿದ್ದ ಇಬ್ಬರನ್ನು ಮರಿಸೊಲ್ ಅಲ್ಲೇ ಕೇಳಿದಳು. "ಮಲಗಿರಿ, ಪಾತ್ರೆ ಹಗುರ ಇದೆ, ನಾನೇ ಎಳ್ಕೊಂಡು ಹೋಗ್ತೀನಿ" ಎಂದು ಸಿಸ್ಟರ್ ಆರ್ವಾ ಹೇಳಿದ್ದರಂತೆ. ಈ ಸಂಜೆ ಪದ ಕಲಿಸಲೂ ಅವರು ಬಂದಿರಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಆರ್ವಾ ಅವರ ಮನೆಯ ಹಿಂಬಾಗಿಲು ತಟ್ಟಿದರು. ಮೆಟ್ಟಿಲ ಮೇಲೆ ಕೌದಿಯ ಚಿಕ್ಕ ಆಸನವೊಂದನ್ನು ಬಿಸಿಲಿಗೆ ಹಾಕಿದ್ದರು. ಹೊಲಿಗೆಯ ಸಂದಿಯಲ್ಲಿ ಉಪ್ಪು ಬೆಳ್ಳಗೆ ಕೂತಿತ್ತು. ಅದನ್ನು ಬಚ್ಚಿಟ್ಟಿರಲಿಲ್ಲ. ಮರಿಸೊಲ್ ಫೋಟೋ ತೆಗೆದುಕೊಂಡಳು.

ಆರ್ವಾ ಅರವತ್ತೆಂಟರ ಹೆಂಗಸು, ಎತ್ತರದ ಮೈಕಟ್ಟು. ಹಿಟ್ಟು ನಾದುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಬಾ ಬ್ರದರ್ ಕಿಂಬರ್. ಶನಿವಾರ ನಿಂಗೆ ಊಟ ತಡ ಆಯ್ತು, ಅದರ ದೂರು ಕೊಡೋಕೆ ಬಂದ್ಯಾ?"

"ಸಿಸ್ಟರ್, ನಾವು ಪೊಲೀಸರಾಗಿ ಬಂದಿದ್ದೀವಿ. ಬೇಡ ಅಂದ್ರೆ ಹೊರಟುಹೋಗ್ತೀವಿ."

"ಕೂತ್ಕೋ. ಈ ಹುಡುಗಿಗೆ ಕೊಡೋಕೆ ಕಾಫಿ ಇಲ್ಲ, ಹಾಲಿದೆ."

ಕೇಳಿದ್ದಕ್ಕೆಲ್ಲ ಅವರು ನೇರವಾಗಿ ಉತ್ತರಿಸಿದರು. ಹೋದ ವರ್ಷವಷ್ಟೇ ಅಗೆದದ್ದರಿಂದ ಮಣ್ಣು ಸಡಿಲವಾಗಿತ್ತು, ಹೂದೋಟದ ಕರಣೆಯೇ ಸಾಕಾಯಿತು. ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಪಾತ್ರೆಗಳ ನಡುವೆ ಇಟ್ಟುಕೊಂಡು ಹೊರಟರು. ದಾರಿಯಲ್ಲಿ ನೆಲ ಮೆತ್ತಗಿದ್ದ ಒಂದು ಕಡೆ, ಜಾಡಿನ ನಡುವೆಯೇ ತೋಡಿ ಇಳಿಸಿದರು. ಪೆಟ್ಟಿಗೆಯ ಮುಚ್ಚಳ ತೆರೆಯಲಿಲ್ಲ.

"ಎಲ್ಲಿ, ಸಿಸ್ಟರ್?"

ಆರ್ವಾ ಹಿಟ್ಟನ್ನು ಮಗುಚಿದರು. "ನೀನು ಅದರ ಮೇಲೇ ನಡ್ಕೊಂಡು ಬಂದೆ ಥೇನ್. ಎಲ್ಲರೂ ಬಂದ್ರಿ. ದೂರದಿಂದಲೇ ಕೇಳಿಸ್ತಿತ್ತು, ಹಾಡ್ತಾ ಬರ್ತಿದ್ರಿ."

ಕಿಂಬರ್ ಪೆನ್ನು ಕೆಳಗಿಟ್ಟ. ಜಾಗ ಹೇಳಿದರೆ ಆಪಾದನೆ ಹಗುರವಾಗುತ್ತದೆ, ದಂಡ ಕಟ್ಟಿ ಮನೆಗೆ ಬರಬಹುದು, ಹೇಳದಿದ್ದರೆ ಈ ವಯಸ್ಸಿನಲ್ಲಿ ಜೈಲು ಎಂದು ಬಿಡಿಸಿ ಹೇಳಿದ. ಅವರು ತಲೆಯಾಡಿಸಿದರು, ತಿಳಿಯಿತು ಎನ್ನುವಂತೆ.

"ಅವರೇನು ಕೆಟ್ಟವರಲ್ಲ ಸಿಸ್ಟರ್. ಪ್ರೀತಿಯಿಂದಲೇ ಮಾಡ್ತಿದ್ರು."

"ಲಿನೆಟ್‌ಗೂ ಪ್ರೀತಿಯಿಂದಲೇ ಬಂದ್ರು."

ಲಿನೆಟ್ ಎಂದರೆ ಆರ್ವಾ ಅವರ ಮಗಳು. ಒಂಬತ್ತು ವರ್ಷದ ಹಿಂದೆ ಅವಳನ್ನು ಕೊಂದು ಹೆದ್ದಾರಿ ಪಕ್ಕದ ಬಯಲಿನಲ್ಲಿ ಎಸೆದಿದ್ದರು. ಕೊಂದವನು ತಿಂಗಳೊಳಗೆ ಸಿಕ್ಕ. ಆಮೇಲೆ ಟೀವಿಯಲ್ಲಿ ಅವಳ ಕತೆ ಕಂತುಕಂತಾಗಿ ಬಂತು. ಎಲ್ಲೆಲ್ಲಿಂದಲೋ ಜನ ಸಮಾಧಿ ಹುಡುಕಿಕೊಂಡು ಬಂದರು. ಬೊಂಬೆ ಇಟ್ಟರು, ಅತ್ತರು, ಕಲ್ಲಿಗೆ ಕೆನ್ನೆ ಒತ್ತಿ ಫೋಟೋ ತೆಗೆಸಿಕೊಂಡರು, ನೆನಪಿಗೆಂದು ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋದರು. ಒಂದು ವಸಂತದಲ್ಲಿ ಆ ಕಲ್ಲು ಅಲ್ಲಿರಲಿಲ್ಲ. ಕೀಳಿಸಿದವರು ತಾಯಿಯೇ ಎಂದು ಊರು ಸುಮ್ಮನಾಯಿತು.

"ಈಗ ಅಲ್ಲಿ ಬರೀ ಹುಲ್ಲು," ಎಂದರು ಆರ್ವಾ. "ವಾರಕ್ಕೊಂದ್ಸಲ ಹುಲ್ಲು ಕತ್ತರಿಸೋ ಮಿಷನ್ ಅವಳ ಮೇಲೆ ಹಾದುಹೋಗತ್ತೆ. ರಸ್ತೆಗೆ ಆ ಸದ್ದು ಕೇಳತ್ತೆ. ಕೇಳಿಸಿದ ದಿನ ನಂಗೆ ನಿದ್ದೆ ಬರತ್ತೆ." ಕೈಗಂಟಿದ ಹಿಟ್ಟನ್ನು ಬೆರಳಿನಿಂದ ಬಿಡಿಸಿಕೊಂಡರು. "ಆ ತಾಯಿ ಕೇಳಿದ್ದು ಒಂದೇ ಮಾತು, ಥೇನ್. ನಲವತ್ತು ವರ್ಷ ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೀನಿ. ಅವಳ ಮಾತು ನಾನೂ ಕೇಳದಿದ್ರೆ ಇನ್ಯಾರು ಕೇಳ್ತಾರೆ?"

ಹತ್ತು ಗಂಟೆ ಐದು ನಿಮಿಷಕ್ಕೆ ಕಿಂಬರ್ ಎದ್ದು ನಿಂತು, ಮಾನವ ಅವಶೇಷಗಳನ್ನು ಕಾನೂನುಬಾಹಿರವಾಗಿ ಸ್ಥಳಾಂತರಿಸಿದ ಆಪಾದನೆಯ ಮೇಲೆ ಬಂಧಿಸುತ್ತಿದ್ದೇನೆ ಎಂದು ಹೇಳಿದ. ಆರ್ವಾ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದರು, ಒಲೆ ಆರಿಸಿದರು, ಕೈತೊಳೆದು ಬಂದು ನಿಂತರು. ಯಾವ ಬಂಧನದಲ್ಲೂ ಓದಲೇಬೇಕಾದ ಮಾತುಗಳನ್ನು ಅವನು ಓದತೊಡಗಿದ. ಬಾಯಿಪಾಠವಾಗಿದ್ದರೂ ಚೀಟಿ ನೋಡಿಕೊಂಡೇ ಓದಿದ.

"ಸುಮ್ಮನಿರುವ ಹಕ್ಕು ನಿಮಗಿದೆ..."

"ಅಷ್ಟು ಸಾಕಪ್ಪ ನಂಗೆ," ಎಂದರು ಆರ್ವಾ.

ನಿಯಮದಂತೆ ಕಿಂಬರ್ ಉಳಿದದ್ದನ್ನೂ ಓದಿ ಮುಗಿಸಿದ. ಅವರು ಮತ್ತೆ ಮಾತಾಡಲಿಲ್ಲ. ಕಚೇರಿಯಲ್ಲಿ ಸರ್ಕಾರಿ ವಕೀಲರು ಬಂದು ಕೇಳಿದಾಗಲೂ ಇಲ್ಲ, ಡೆನ್ಸಿಲ್ ಕ್ರಾಫ್ಟ್ ಬಂದು ಕೈಹಿಡಿದು ಕೇಳಿದಾಗಲೂ ಇಲ್ಲ. ಶುಕ್ರವಾರ ಯೂನಿವರ್ಸಿಟಿಯವರು ನೆಲದೊಳಗೆ ನೋಡುವ ಯಂತ್ರ ತಂದು ಸಮಾಧಿಯಿಂದ ಬಿಡಾರದವರೆಗೆ ಏಳು ಮೈಲಿ ಎಳೆದಾಡಿದರು. ಉಪ್ಪು ಮಣ್ಣಿನಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಸಂಜೆ ಹೊರಟುಹೋದರು. ತೋರಿಸಲು ಏನೂ ಇಲ್ಲದ್ದರಿಂದ ಟೀವಿಯವರು ಬರಲಿಲ್ಲ. ಕ್ರಾಫ್ಟ್ ಅವರೇ ನಿಂತು ಬೇಲಿಯನ್ನು ಕೀಳಿಸಿದರು.

ಶನಿವಾರದ ನಡಿಗೆ ನಿಲ್ಲಲಿಲ್ಲ. ಬೇಲಿಯಿದ್ದ ಜಾಗದಿಂದ ಮರಳದಿಬ್ಬದವರೆಗೆ ಆ ಏಳು ಮೈಲಿಯಲ್ಲಿ ಎಲ್ಲಿ ಹೆಜ್ಜೆ ಮೆಲ್ಲಗೆ ಇಡಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ಎಲ್ಲರೂ ಎಂದಿನಂತೆಯೇ ಗಾಡಿ ಎಳೆದುಕೊಂಡು ನಡೆದರು.