ಏಳನೇ ಕಂಬದ ಅಳತೆ

"ಸಾರ್, ಆ ಹುರಿ ಮೊದ್ಲು ಜೇಬಿಗೆ ಹಾಕ್ಕೊಳ್ಳಿ. ಏಳನೇ ಕಂಬದ ಹತ್ರ ಮನುಷ್ಯನ ಅಳತೆ ಬಿಚ್ಚಬಾರ್ದು."

ಹೇಳಿದವನು ಮುದಿ ಬಡಗಿ. ಕಾಂಕ್ರೀಟ್ ಸುರಿಯಲು ಹಲಗೆಯ ಪೆಟ್ಟಿಗೆ ಕಟ್ಟುವುದು ಅವನ ಕಸುಬು. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುವ ಆಸಾಮಿ, ಈ ಮಾತಿಗೆ ಮಾತ್ರ ಮೊಳೆಗಳನ್ನು ಅಂಗೈಗೆ ಉಗಿದುಕೊಂಡಿದ್ದ.

ಕೇಳಿಸಿಕೊಂಡವನು ಆ ಕಟ್ಟಡಕ್ಕೆ ಬಂದು ಒಂಬತ್ತೇ ದಿನವಾಗಿದ್ದ ಸುರಕ್ಷತಾ ಅಧಿಕಾರಿ. ಎದುರಿಗೆ ಎಲ್ಲರೂ ಅವನನ್ನು 'ಸೇಫ್ಟಿ ಸಾರ್' ಎನ್ನುತ್ತಿದ್ದರು, ಬೆನ್ನ ಹಿಂದೆ 'ಕೆಂಪು ಚೀಟಿ'. ಅಪಾಯ ಕಂಡಲ್ಲೆಲ್ಲ 'ಕೆಲಸ ನಿಲ್ಲಿಸಿ' ಎಂಬ ಕೆಂಪು ಚೀಟಿ ಅಂಟಿಸುವುದು ಅವನ ಕೆಲಸ. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಅದನ್ನು ಕಿತ್ತು ಕೈ ಒರೆಸಿಕೊಳ್ಳುವುದು ಮಿಕ್ಕವರ ಕೆಲಸ. ಹೆಲ್ಮೆಟ್ಟಿನಲ್ಲಿ ಮರಳು ಹೊತ್ತರು, ಸೊಂಟದ ಬೆಲ್ಟಿನಲ್ಲಿ ನೀರಿನ ಡ್ರಮ್ಮು ಕಟ್ಟಿದರು. ಹೇಳಿ ಹೇಳಿ ಅವನ ಗಂಟಲು ಕಟ್ಟಿತ್ತು. ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು, ಆದರೆ ಸಿಟ್ಟಿಗೂ ಅಲ್ಲಿ ಬೆಲೆಯಿರಲಿಲ್ಲ.

ನಾಲ್ಕನೇ ಮಹಡಿಯ ಲಿಫ್ಟ್ ಗುಂಡಿಯಂತೂ ಅವನ ನಿದ್ದೆಯನ್ನೇ ಕೆಡಿಸಿತ್ತು. ಏಳನೇ ಕಂಬಕ್ಕೂ ಎಂಟನೇ ಕಂಬಕ್ಕೂ ನಡುವೆ ಬಾಯ್ದೆರೆದ ಚೌಕ ಗುಂಡಿ. ಇಣುಕಿದರೆ ತಳ ಕಾಣದು, ನಿಂತ ನೀರಿನ ಕೊಳೆತ ವಾಸನೆ ಮಾತ್ರ ಮೇಲೇರಿ ಬರುತ್ತಿತ್ತು. ಅದಕ್ಕೆ ರೇಲಿಂಗ್ ಇರಲಿಲ್ಲ. ಹಿಂದಿನ ಕೆಲಸದಲ್ಲಿ ಇಂಥದ್ದೇ ಗುಂಡಿಯ ಬಗ್ಗೆ ಅವನು ಮೂರು ಪತ್ರ ಬರೆದಿದ್ದ. ಮೂರನೆಯದಕ್ಕೆ ಉತ್ತರ ಬರುವ ಮೊದಲೇ ಒಬ್ಬ ಬಿದ್ದು ಸತ್ತಿದ್ದ.

ಕೈಯಲ್ಲಿದ್ದ ಹುರಿ ಹೆಂಡತಿ ಮಾಡಿಕೊಟ್ಟದ್ದು. ಯಾವ ಕಟ್ಟಡಕ್ಕೆ ಹೋದರೂ ಟೇಪು ಕೇಳಿದಾಗ ಸಿಗುವುದಿಲ್ಲವೆಂದು ಅವನು ಗೊಣಗಿದ್ದಕ್ಕೆ, ಅವನನ್ನೇ ಗೋಡೆಗೆ ನಿಲ್ಲಿಸಿ, ಪಾದದಿಂದ ನೆತ್ತಿಯವರೆಗೆ ಹುರಿ ಹಿಡಿದು, ಮೊಣಕಾಲು, ಸೊಂಟ, ಎದೆಯ ಹತ್ತಿರ ಒಂದೊಂದು ಗಂಟು ಹಾಕಿದ್ದಳು. ರೇಲಿಂಗಿನ ಕೆಳಗಿನ ಪೈಪು ಮೊಣಕಾಲಿನ ಗಂಟಿಗೆ, ಮೇಲಿನದು ಸೊಂಟದ ಗಂಟಿಗೆ, ಬೆಲ್ಟಿನ ಕೊಕ್ಕೆ ಎದೆಯ ಗಂಟಿಗೆ. "ಇನ್ನು ನಿಮ್ಮ ಉದ್ದ ಅಗಲ ಎಲ್ಲ ನನ್ನ ಕೈಲಿದೆ, ಹುಷಾರು" ಎಂದು ನಕ್ಕಿದ್ದಳು.

"ಯಾಕಜ್ಜ, ಅಳತೆ ಬಿಚ್ಚಿದ್ರೆ ಏನಾಗುತ್ತೆ?"

ಬಡಗಿ ದನಿ ತಗ್ಗಿಸಿದ. ಹೋದ ವರ್ಷ ಇದೇ ಗುಂಡಿಗೆ ಒಬ್ಬ ಕೂಲಿಯವನು ಬಿದ್ದಿದ್ದ. ಅವನ ತಾಯಿ ಬಂದಳು. ಹೆಣದ ಉದ್ದಕ್ಕೆ ಒಂದು ದಾರ ಹಿಡಿದಳು, ಆ ದಾರ ಹಿಡಿದುಕೊಂಡೇ ನಾಲ್ಕು ಮಹಡಿ ಹತ್ತಿದಳು. ಆಗಷ್ಟೇ ಸುರಿದಿದ್ದ ಏಳನೇ ಕಂಬದೊಳಕ್ಕೆ ಅದನ್ನು ಬಾಯಿಗೆ ತುತ್ತಿಡುವಂತೆ ತುರುಕಿದಳು. ಏನೇನೋ ಮಣಮಣ ಅಂದಳು. ಕೊನೆಯ ಮಾತು ಮಾತ್ರ ಎಲ್ಲರಿಗೂ ಕೇಳಿಸಿತು.

"'ಈ ಕಂಬ ನಿಲ್ಬೇಕಾದ್ರೆ ನಿಮ್ಮಲ್ಲೊಬ್ಬನ ಅಳತೆ ಕೊಡಿ' ಅಂದ್ಲು ಸಾರ್. ಅಲ್ಲಿಂದೀಚೆಗೆ ಎರಡು ಸಲ ಸುರಿದ್ವಿ. ಎರಡು ಸಲಾನೂ ಹಲಗೆ ಬಿಚ್ಚಿದ್ರೆ ಪುಡಿಪುಡಿ. ಅದಕ್ಕೇ ನಾವು ಇಲ್ಲಿ ಸೊಂಟದೆತ್ತರ, ಎದೆಯೆತ್ತರ ಅಂತ ಬಾಯಲ್ಲೂ ಅನ್ನಲ್ಲ. ಎಷ್ಟಡಿ, ಎಷ್ಟಿಂಚು, ಅಷ್ಟೇ."

ಸೇಫ್ಟಿ ಸಾರ್ ಗಹಗಹಿಸಿ ನಕ್ಕ. "ಅಳತೆ ಬೇಕಂತಾ? ಕಂಬಾನ ದರ್ಜಿ ಹತ್ರ ಕಳ್ಸಿ! ಸಿಮೆಂಟು ಕಮ್ಮಿ, ನೀರು ಜಾಸ್ತಿ ಹಾಕಿ, ಪಾಪ ಆ ತಾಯಿ ತಲೆಗೆ ಕಟ್ತಿದೀರಾ?" ನಗು ಮುಗಿಯುತ್ತಿದ್ದಂತೆ ಸಿಟ್ಟು ಬಂತು. ಒಬ್ಬ ಸತ್ತ ಗುಂಡಿಗೆ ಎರಡು ಪೈಪು ಅಡ್ಡ ಕಟ್ಟದವರು, ಬಾಯಿಮಾತಿಗೆ ಮಾತ್ರ ವರ್ಷವಿಡೀ ಪಥ್ಯ ಮಾಡುತ್ತಿದ್ದಾರೆ! ಬೇಕೆಂದೇ ಅವನು ಕಂಬದ ಪೆಟ್ಟಿಗೆಗೆ ಒರಗಿ ನಿಂತು, ಹುರಿಯನ್ನು ಪಾದದಿಂದ ನೆತ್ತಿಗೆ ಎಳೆದು ತೋರಿಸಿದ. ಬಡಗಿ ಮುಖ ತಿರುಗಿಸಿಕೊಂಡ.

ಮಧ್ಯಾಹ್ನ ಅದೇ ಕಂಬವನ್ನು ಮತ್ತೆ ಸುರಿಯುವುದಿತ್ತು. ಪೆಟ್ಟಿಗೆ ಒಡೆದು ಯಾರ ಮೇಲಾದರೂ ಬಿದ್ದೀತೆಂದು ಸೇಫ್ಟಿ ಸಾರ್ ಹಟ ಹಿಡಿದು ನಿಂತ. ಪೆಟ್ಟಿಗೆಯ ಸುತ್ತ ಕಬ್ಬಿಣದ ಪಟ್ಟಿಗಳನ್ನು ದುಪ್ಪಟ್ಟು ಹಾಕಿಸಿದ. ಪ್ರತಿ ಬೋಲ್ಟಿಗೂ ಎರಡು ನಟ್ಟು. ಸಾಲದೆಂದು ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ತಾನೇ ಜೋತುಬಿದ್ದು ಬಿಗಿದ. ಆಶ್ಚರ್ಯವೆಂದರೆ ಮೇಸ್ತ್ರಿ ಒಂದು ಮಾತೂ ಎದುರಾಡಲಿಲ್ಲ. ಒಂಬತ್ತು ದಿನದಲ್ಲಿ ಅವರು ಪೂರ್ತಿಯಾಗಿ ಪಾಲಿಸಿದ ಮೊದಲ ಮಾತು ಅದು.

ಆಮೇಲೆ ಮೇಸ್ತ್ರಿಯೇ ಹತ್ತಿರ ಬಂದ. ಮುಖದಲ್ಲಿ ಎಂದೂ ಇಲ್ಲದ ವಿನಯ.

"ಸಾರ್, ಇವತ್ತೇ ರೇಲಿಂಗ್ ಪೈಪ್ ಕೊಯ್ಸಿಬಿಡ್ತೀನಿ. ಎತ್ತರ ನೋಡ್ಕೊಳ್ಳೋಕೆ ನಿಮ್ಮ ಹುರಿ ಒಂಚೂರು ಕೊಡ್ತೀರಾ?"

ಸೇಫ್ಟಿ ಸಾರ್ ಕಣ್ಣು ಒದ್ದೆಯಾಗುವುದೊಂದು ಬಾಕಿ. ಕೊನೆಗೂ ಒಬ್ಬ ಕೇಳಿದನಲ್ಲ! ಹುರಿಯನ್ನು ತನ್ನ ಕೈಯಾರೆ ಸುತ್ತಿ, ಮೇಸ್ತ್ರಿಯ ಅಂಗೈಯಲ್ಲಿಟ್ಟ. ಮೇಸ್ತ್ರಿ ಅವನ ಕಣ್ಣು ತಪ್ಪಿಸಿ ಅದನ್ನು ಅಂಗಿಯೊಳಕ್ಕೆ ಸೇರಿಸಿಕೊಂಡ.

ಮೂರು ಗಂಟೆಗೆ ಪಂಪು ಗುಡುಗತೊಡಗಿತು. ಸೇಫ್ಟಿ ಸಾರ್ ಮೂರನೇ ಮಹಡಿಯಲ್ಲಿ ಚಾವಣಿಗೆ ಆನಿಸಿದ್ದ ಕಂಬಿಗಳನ್ನು ತಟ್ಟಿ ನೋಡುತ್ತಿದ್ದ. ಹಲಗೆಗಳ ನಡುವೆ ಬೆಳಕು ಅಷ್ಟಕ್ಕಷ್ಟೇ. ಹಸಿ ಸಿಮೆಂಟಿನ ಕಟುವಾಸನೆ, ಹಲಗೆಗೆ ಬಳಿದ ಸುಟ್ಟೆಣ್ಣೆಯ ಕಮಟು. ತಲೆಯ ಮೇಲೆ ಕಾಂಕ್ರೀಟ್ ದೊಪ್ಪೆಂದು ಬಿದ್ದ ಸದ್ದು. ಅದೇ ಗಳಿಗೆಯಲ್ಲಿ ಅವನ ಪಾದಗಳು ತಣ್ಣಗಾದವು.

ಬೂಟಿಗೆ ನೀರು ಹೊಕ್ಕಿತೆಂದುಕೊಂಡು ಬಗ್ಗಿ ನೋಡಿದ. ಬೂಟು ಒಣಗಿತ್ತು. ಒಳಗೆ ಮಾತ್ರ ಏನೋ ಒತ್ತುತ್ತಿತ್ತು. ಬೆರಳುಗಳ ಸಂದಿಯಲ್ಲಿ ಜಲ್ಲಿಕಲ್ಲಿನಂಥದು ಸರಿದಾಡಿತು. ಮೇಲೆ ಕಾಂಕ್ರೀಟನ್ನು ಅದುರಿಸುವ ವೈಬ್ರೇಟರ್ ಕಿರ್ರೆಂದಿತು. ಅವನ ಹಿಮ್ಮಡಿಯ ಎಲುಬು ಅದರ ಜೊತೆಗೇ ಕಿರ್ರೆಂದಿತು.

ಹುರಿ.

ಛೇ, ಎಂಥ ಹುಚ್ಚು ಎಂದುಕೊಂಡ. ಆದರೂ ಮೆಟ್ಟಿಲಿನ ಕಡೆ ಓಡಿದ. ಓಡಲಾಗಲಿಲ್ಲ. ಒಂದೊಂದು ಕಾಲನ್ನೂ ಎರಡು ಕೈಯಿಂದ ಎತ್ತಿ ಮೇಲಿನ ಮೆಟ್ಟಿಲಿಗೆ ಇಡಬೇಕಾಯಿತು. ಇಟ್ಟಾಗ ಮಾಂಸದ ಸದ್ದು ಬರಲಿಲ್ಲ. ಕಲ್ಲಿಗೆ ಕಲ್ಲು ತಾಗಿದ ಸದ್ದು ಬಂತು. ಹದಿನೆಂಟು ಮೆಟ್ಟಿಲು. ಕೊನೆಯದನ್ನು ತಲುಪುವಾಗ ತಣ್ಣಗಿನ ಗೆರೆ ಮೀನಖಂಡ ದಾಟಿತ್ತು.

"ನಿಲ್ಸಿ! ಪಂಪ್ ನಿಲ್ಸಿ!"

ಯಾರೂ ತಿರುಗಲಿಲ್ಲ. ಪಂಪಿನ ಅಬ್ಬರ ಒಂದು ಕಡೆ. ಅವನು ಕೂಗುವುದೇ ಹೀಗೆ ಎಂಬ ಅಭ್ಯಾಸ ಇನ್ನೊಂದು ಕಡೆ. ಒಬ್ಬ ಹಲ್ಲು ಕಿರಿದು ಪಕ್ಕದವನಿಗೆ ಮೊಣಕೈಯಿಂದ ತಿವಿದ. ಸೇಫ್ಟಿ ಸಾರ್ ಜೇಬಿನಿಂದ ಕೆಂಪು ಚೀಟಿ ತೆಗೆದು ಪಂಪಿನ ಪೈಪಿಗೆ ಬಡಿದ. ಪೈಪಿನ ನಡುಕಕ್ಕೆ ಚೀಟಿ ಕಳಚಿ ಗುಂಡಿಯೊಳಕ್ಕೆ ತೇಲಿಹೋಯಿತು.

"ಮೇಸ್ತ್ರಿ, ನನ್ನ ಹುರಿ ಎಲ್ಲಿ?"

ಮೇಸ್ತ್ರಿಯ ಮುಖ ಬಿಳಿಚಿತು. "ಕಂಬದೊಳಗೆ ಕಂಬಿಗೆ ಕಟ್ಟಿದೀನಿ, ನೀವು ನೆಟ್ಟಗೆ ನಿಂತ ಹಾಗೆ. ನಮ್ಮೋರಲ್ಲಿ ಯಾರ ಅಳತೆ ಕೊಡ್ಲಿ ಸಾರ್? ಎಲ್ರಿಗೂ ಹೆಂಡ್ತಿ ಮಕ್ಕಳಿದಾರೆ. ನೀವು ನಂಬಲ್ವಲ್ಲ... ನಂಬದೋರಿಗೆ ತಾಗಲ್ಲ ಅಂದ್ಕೊಂಡೆ."

"ಪಂಪ್ ನಿಲ್ಸು!"

"ಅರ್ಧಕ್ಕೆ ನಿಲ್ಸಿದ್ರೆ ಕಂಬ ಹಾಳಾಗುತ್ತೆ. ನಿಮ್ಮದೇ ರೂಲು." ಹೇಳಿ ಮೇಸ್ತ್ರಿ ಬೆನ್ನು ತಿರುಗಿಸಿದ.

ಬಡಗಿಯೊಬ್ಬನಿಗೆ ಅರ್ಥವಾಯಿತು. ಸೇಫ್ಟಿ ಸಾರ್ ನಿಂತ ಭಂಗಿ ನೋಡಿಯೇ ಅರ್ಥವಾಯಿತು. ಕಾಲು ಜೋಡಿಸಿ, ನೆಟ್ಟಗೆ, ನೆಟ್ಟ ಹಾಗೆ ನಿಂತಿದ್ದ. ಮುದುಕ ಸುತ್ತಿಗೆ ಹಿಡಿದು ಪೆಟ್ಟಿಗೆಯ ಬುಡಕ್ಕೆ ಬಿದ್ದ. ಹಲಗೆ ಕಿತ್ತರೆ ಕಾಂಕ್ರೀಟೆಲ್ಲ ಹೊರಗೆ ಚೆಲ್ಲುತ್ತದೆ. ಒಂದು ಪಟ್ಟಿ ಕಿತ್ತರೆ ಸಾಕು.

ಪಟ್ಟಿ ಜಗ್ಗಲಿಲ್ಲ. ದುಪ್ಪಟ್ಟು ಪಟ್ಟಿ. ಪ್ರತಿ ಬೋಲ್ಟಿಗೂ ಎರಡು ನಟ್ಟು.

"ಅಜ್ಜ, ಬೇಗ..."

"ಯಾರಪ್ಪ ಇದನ್ನ ಹಿಂಗೆ ಬಿಗಿದೋನು!" ಬಡಗಿ ಅರಚಿದ. ಅರಚಿದ ಮೇಲೆ ನೆನಪಾಗಿ, ಅವನ ಮುಖ ನೋಡಿ, ಮತ್ತೆ ಸುತ್ತಿಗೆ ಬೀಸಿದ.

ಮೊಣಕಾಲು ಹೋಯಿತು. ತೊಡೆಗೆ ಏರಿತು. ಚರ್ಮದ ಒಳಗಿನಿಂದ ಮರಳು ತುಂಬುತ್ತ ಬಂದಂತೆ ಏರಿತು. ಉಸಿರಿನಲ್ಲಿ ಸಿಮೆಂಟಿನ ಧೂಳು. ಸೊಂಟ. ಹೊಟ್ಟೆಯ ಕೆಳಗೆ ತಣ್ಣನೆಯ ಪಟ್ಟಿ ಬಿಗಿಯಿತು. ಇನ್ನೊಂದು ಗೇಣು. ಆಮೇಲೆ ಉಸಿರಿನ ಚೀಲ. ಆಮೇಲೆ ಎದೆಯ ಗಂಟು.

ಬಡಗಿ ಸುತ್ತಿಗೆ ಬಿಸಾಡಿದ. ಅಟ್ಟಣೆ ಹತ್ತಿದ. ತಂತಿ ಕತ್ತರಿಸುವ ಇಕ್ಕಳ ಹಿಡಿದು, ಕಂಬಿಗಳ ನಡುವೆ ತಲೆ, ಹೆಗಲು, ಕೈ ತೂರಿಸಿದ. ಮುಖದ ಮೇಲೇ ಕಾಂಕ್ರೀಟ್ ಸುರಿಯಿತು. ಕಣ್ಣು ಮುಚ್ಚಿ ತಡಕಿದ. ಹುರಿ ಸಿಕ್ಕಿತು. ಏರುತ್ತಿದ್ದ ಕೆಸರಿಗೆ ಬೆರಳು ತಾಗಿಸಿ, ಅದರ ಮೇಲಿನ ಅಂಚಿಗೇ ಇಕ್ಕಳ ಒತ್ತಿದ.

ಟಕ್.

ಸೇಫ್ಟಿ ಸಾರ್ ಬುಡ ಕಡಿದ ಮರದಂತೆ ಉರುಳಿದ. ಎದೆ ಏರಿಳಿಯುತ್ತಿತ್ತು. ಬಡಗಿ ಮುಷ್ಟಿಯಲ್ಲಿ ಅರ್ಧ ಹುರಿ ಹಿಡಿದು ಇಳಿದು ಬಂದ. ಎದೆಯ ಗಂಟು ಅದರಲ್ಲಿತ್ತು. ಸೊಂಟದ್ದೂ ಮೊಣಕಾಲಿನದೂ ಇರಲಿಲ್ಲ.

ಡಾಕ್ಟರು ನರದ ದೋಷ ಎಂದರು. ಕಟ್ಟಡದವರು, ಅವನು ಬಿದ್ದಿಲ್ಲ, ಏನೂ ತಾಗಿಲ್ಲ, ಆದ್ದರಿಂದ ಇದು ಅಪಘಾತವೇ ಅಲ್ಲ ಎಂದು ಬರೆದುಕೊಂಡರು. ಹೆಂಡತಿ ಯಾರ ಮಾತನ್ನೂ ನಂಬಲಿಲ್ಲ. ಮನೆಗೆ ಕರೆತಂದ ಮೇಲೆ ದಿನಕ್ಕೆರಡು ಸಲ, ಕಾಂಕ್ರೀಟ್ ಗಟ್ಟಿಯಾಗಲೆಂದು ಕಂಬಕ್ಕೆ ಸುತ್ತಿದ ಗೋಣಿಗೆ ಅಲ್ಲಿ ನೀರು ಹಾಕುವ ಹೊತ್ತಿಗೆ ಸರಿಯಾಗಿ, ಇಲ್ಲಿ ಅವನ ಕಾಲು ಒದ್ದೆಯಾಗುತ್ತಿತ್ತು. ಅವಳು ಹಾಸಿಗೆ ಒರೆಸಿದಳು, ಬೈದುಕೊಂಡಳು, ಅಡುಗೆಮನೆಯಲ್ಲಿ ಅತ್ತಳು. "ಆ ಗಂಟು ಹಾಕಿದ್ದು ನಾನೇ ಅಲ್ವಾ" ಎಂದು ಒಂದೇ ಒಂದು ಸಲ ಕೇಳಿದಳು. ಅವನ ಕಾಲಿನ ಚರ್ಮ ದಿನೇದಿನೇ ಬೂದುಬಣ್ಣಕ್ಕೆ ತಿರುಗಿತು. ಚಿವುಟಿದರೆ ಉಗುರು ಮುರಿಯುತ್ತಿತ್ತು. ನೋವಂತೂ ಇರಲಿಲ್ಲ. ಅದೊಂದೇ ಸಮಾಧಾನ.

ಏಳನೇ ಕಂಬ ಈ ಸಲ ಜಗ್ಗದೆ ನಿಂತಿತು. ಇಷ್ಟು ಗಟ್ಟಿ ಕಂಬ ಆ ಕಟ್ಟಡದಲ್ಲೇ ಇಲ್ಲವಂತೆ.

ಕಂಬ ಸುರಿದ ಇಪ್ಪತ್ತೆಂಟನೇ ದಿನ ಬೆಳಗ್ಗೆ ಹತ್ತಕ್ಕೆ ಫೋನ್ ಬಂತು. ಹೆಂಡತಿ ಸ್ಪೀಕರ್ ಹಾಕಿ ಅವನ ದಿಂಬಿನ ಪಕ್ಕ ಇಟ್ಟಳು. ಚುರುಕಾದ ಹೆಣ್ಣುದನಿ.

"ನಮಸ್ಕಾರ ಸಾರ್, ನಿಮ್ಮ ಜಾಗಕ್ಕೆ ಬಂದಿರೋ ಸೇಫ್ಟಿ ಆಫೀಸರ್ ನಾನು. ನಿಮ್ಮ ವರದಿ ಎಲ್ಲಾ ಓದ್ದೆ. ಒಬ್ರೂ ನಿಮ್ಮ ಮಾತು ಕೇಳಿಲ್ವಲ್ಲ ಅಂತ ಹೊಟ್ಟೆ ಉರೀತು. ಅದಕ್ಕೇ ಜಗಳ ಮಾಡಿ ಒಪ್ಪಿಸಿದೀನಿ. ಲಿಫ್ಟ್ ಗುಂಡಿಗೆ ಇವತ್ತು ರೇಲಿಂಗ್!"

ಅವನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅರಳಿತು. "ತುಂಬಾ ಒಳ್ಳೇದಾಯ್ತಮ್ಮ."

"ಇಪ್ಪತ್ತೆಂಟು ದಿನ ತುಂಬದೆ ಕಂಬಕ್ಕೆ ಡ್ರಿಲ್ ಹಾಕ್ಬಾರ್ದು ಅಂತ ಬರ್ದಿದ್ರಲ್ಲ, ಅದಕ್ಕೇ ಕಾದೆ. ಪೈಪ್ ಸಿಕ್ಕಿಸೋಕೆ ಏಳನೇ ಕಂಬಕ್ಕೆ ಎರಡು ತೂತು. ಮೊಣಕಾಲಿನ ಎತ್ತರಕ್ಕೊಂದು, ಸೊಂಟದ ಎತ್ತರಕ್ಕೊಂದು. ನೀವು ಬರ್ದ ಹಾಗೇ."

ಅರಳಿದ ಮುಖ ಹಾಗೇ ನಿಂತಿತು.

"ಬೇಡ," ಅಂದ. "ಬೇಡಮ್ಮ. ನಿಲ್ಸು. ಆ ಕಂಬಕ್ಕೆ ಬೇಡ!"

"ಕೇಳಿಸ್ತಿಲ್ಲ ಸಾರ್, ಕಿವಿಗೆ ಮುಚ್ಚಳ ಹಾಕ್ಕೊಂಡೆ. ಅದೂ ನಿಮ್ಮದೇ ರೂಲು!" ಅವಳು ನಕ್ಕಳು. "ಫೋನ್ ಇಲ್ಲೇ ಇಟ್ಟಿರ್ತೀನಿ, ಕೇಳಿಸ್ಕೊಳ್ಳಿ. ನಿಮಗೂ ಖುಷಿ ಆಗ್ಲಿ."

"ನಿಲ್ಸು! ನಿಲ್ಸು!"

ಡ್ರಿಲ್ ಗುರುಗುಟ್ಟಿತು. ಹೆಂಡತಿ ಓಡಿ ಬಂದಳು. ಫೋನ್ ಕಿತ್ತುಕೊಂಡು ತಾನೂ ಕೂಗಿದಳು. ಗುರುಗುಡುವ ಸದ್ದು ಗಟ್ಟಿಯಾದದ್ದನ್ನು ಕೊರೆಯತೊಡಗಿ ಕೀರಲಾಯಿತು. ಇಪ್ಪತ್ತೆಂಟು ದಿನದಲ್ಲಿ ಮೊದಲ ಸಲ ಅವನಿಗೆ ತನ್ನ ಕಾಲು ಇದೆಯೆಂದು ಗೊತ್ತಾಯಿತು.

ಹೊದಿಕೆಯ ಮೇಲೆ, ಮೊಣಕಾಲಿನ ಜಾಗದಲ್ಲಿ, ಒಂದು ಚಿಟಿಕೆ ಬೂದು ಪುಡಿ ಎದ್ದಿತು. ಆಮೇಲೆ ಅದು ಕೆಂಪಾಯಿತು. ಸೊಂಟದ ತೂತು ಇನ್ನೂ ಬಾಕಿಯಿತ್ತು.