ಹಸಿರು ಮುಚ್ಚಳದ ಗೂಬೆ

ಹಸಿರು ಮುಚ್ಚಳದ ಆ ರಕ್ತದ ಟ್ಯೂಬನ್ನು ಅವಳು ಲ್ಯಾಬಿನಲ್ಲಿ ಅವನ ಮೇಜಿನ ಮೇಲೆ ಕುಕ್ಕಿದಳು.

“ಇದನ್ನ ರೋಗಿಗಳ ಡಬ್ಬಿಗೆ ಹಾಕಿದ್ದು ಯಾರು?”

“ನಾನೇ,” ಎಂದ ಅವನು, ತಲೆ ಎತ್ತದೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೋದ ವಾರವಷ್ಟೇ ‘ಮದುವೆ ಬೇಡ, ಮನಸ್ಸಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದವನು ಇವನು. ಕಾರಣ ಕೇಳಿದರೆ ಬಾಯಿಗೆ ಬೀಗ. ಯಾರೋ ಬೇರೆಯವಳು ಸಿಕ್ಕಿರಬೇಕು ಎಂದುಕೊಂಡಿದ್ದಳು. ಅಷ್ಟು ಸಾಲದೆಂದು ಈಗ ಕೆಲಸವನ್ನೂ ಹಾಳು ಮಾಡುತ್ತಿದ್ದಾನೆ…

ಲೂಪಸ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ಪಡೆ ದೇಹದ ಮೇಲೇ ತಿರುಗಿಬೀಳುತ್ತದೆ. ಆ ಪಡೆಯ ಜೀವಕೋಶಗಳ ಮೇಲೆ ‘ಸಾಕು, ನಿಲ್ಲು’ ಎನ್ನುವ ಪ್ರೋಟೀನೊಂದಿದೆ. ಅದನ್ನು ರೂಪಿಸುವ ಜೀನ್ ಮೇಲೆಯೇ ಇವರಿಬ್ಬರ ಕೆಲಸ. ರೋಗಿಗಳ ರಕ್ತಕ್ಕೆ ಕೆಂಪು ಮುಚ್ಚಳ, ಹೋಲಿಸಿ ನೋಡಲು ಬೇಕಾದ ಆರೋಗ್ಯವಂತರ ರಕ್ತಕ್ಕೆ ಹಸಿರು. ಆರೋಗ್ಯವಂತರನ್ನು ಎಲ್ಲಿಂದ ತರುವುದು? ಲ್ಯಾಬಿನವರೇ ತೋಳು ಚಾಚುತ್ತಿದ್ದರು. ಅವರ ಟ್ಯೂಬಿಗೆಲ್ಲ ಅಡ್ಡಹೆಸರು. ಅವನ ಈ ಟ್ಯೂಬಿನ ಮೇಲೆ ಅವಳೇ ಬರೆದಿದ್ದಳು: ಗೂಬೆ.

“ಇದೊಂದರಿಂದ ಇಡೀ ಫಲಿತಾಂಶ ಕೆಡುತ್ತೆ ಅಂತ ಗೊತ್ತಿಲ್ವಾ? ನೀನು ಆರೋಗ್ಯವಾಗೇ ಇದ್ದೀಯ.”

“ಇವತ್ತಿಗೆ ಇದ್ದೀನಿ. ಆ ಜೀನ್‌ನಲ್ಲಿ ಅಮ್ಮನಿಗಿರೋ ಬದಲಾವಣೆ ನನಗೂ ಇದೆ.”

ಅವನ ಅಮ್ಮನನ್ನು ಅವಳು ಬಲ್ಲಳು. ಕೆನ್ನೆಗಳ ಮೇಲೆ ಕೆಂಪು ಕಲೆ, ಊದಿದ ಬೆರಳುಗಳು. ಬೆರಳು ಮಡಚಲಾಗದ ದಿನ ಅವನ ಅಪ್ಪನೇ ಆಕೆಯ ತಲೆ ಬಾಚಿ ಜಡೆ ಹಾಕುತ್ತಿದ್ದರು.

ಇದಕ್ಕೋಸ್ಕರ ನನ್ನನ್ನು ಬಿಟ್ಟನೇ…? ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಇನ್ನಷ್ಟು ಕೋಪ.

ಅವನು ಮೆಲ್ಲಗೆ ಹೇಳುತ್ತಾ ಹೋದ. ಅಮ್ಮನನ್ನು ನೋಡಿಕೊಳ್ಳುತ್ತ ಅಪ್ಪ ಸವೆದದ್ದನ್ನು ಕಣ್ಣಾರೆ ಕಂಡಿದ್ದನಂತೆ. ಅವಳಿಗೆ ಆ ಪಾಡು ಬೇಡವೆಂದೇ ದೂರ ಸರಿದನಂತೆ.

“ಅಂದ್ರೆ ನನ್ನ ಪಾಲಿನ ತೀರ್ಮಾನವನ್ನೂ ನೀನೇ ತಗೊಂಡೆ. ಈ ಬದಲಾವಣೆ ಇರೋ ಎಷ್ಟೋ ಜನಕ್ಕೆ ಜೀವಮಾನ ಪೂರ್ತಿ ಏನೂ ಆಗಲ್ಲ. ಇದೇ ಬದಲಾವಣೆ ಮಲೇರಿಯಾದಿಂದ ಕಾಪಾಡುತ್ತೆ ಅಂತ ಎಲ್ಲರ ಮುಂದೆ ನಿಂತು ಹೇಳಿದವನು ನೀನೇ ಅಲ್ವಾ? ಬೇರೆಯವರ ರಕ್ತ ಆದ್ರೆ ವಿಜ್ಞಾನ, ನಿನ್ನದಾದ್ರೆ ಹಣೆಬರಹನಾ?”

“ಬಂದುಬಿಟ್ರೆ?”

“ಬರಲಿ. ನಿಮ್ಮಮ್ಮನ್ನ ಮದುವೆ ಆಗಬಾರದಿತ್ತು ಅಂತ ನಿಮ್ಮಪ್ಪ ಯಾವತ್ತಾದ್ರೂ ಅಂದಿದ್ದಾರಾ?”

ಜಡೆ ಸೊಟ್ಟಗಾದರೆ ಅಮ್ಮ ಬೈಯುತ್ತಿದ್ದರು, ಅಪ್ಪ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು, ಕೊನೆಗೆ ಇಬ್ಬರೂ ನಗುತ್ತಿದ್ದರು. ಆ ನಗು ಅವನಿಗೆ ಇಷ್ಟು ದಿನ ನೆನಪಾಗಿರಲೇ ಇಲ್ಲ.

“ಇಲ್ಲ,” ಎಂದ. “ತಪ್ಪಾಯ್ತು. ನೀನಿಲ್ದೆ ನನ್ನಿಂದ ಆಗಲ್ಲ ಕಣೇ… ನನ್ನನ್ನ ಮದುವೆ ಆಗ್ತೀಯಾ?”

ಅವಳು ಟ್ಯೂಬನ್ನು ಅವನ ಅಂಗೈಯಲ್ಲಿಟ್ಟು, ಮೊದಲು ಎಲ್ಲಿತ್ತೋ ಅಲ್ಲೇ ಇಟ್ಟು ಬಾ ಎಂದಳು.

ಆರೋಗ್ಯವಂತರ ಡಬ್ಬಿಯಲ್ಲಿ ಅವಳ ಟ್ಯೂಬಿನ ಪಕ್ಕದ ಜಾಗ ಖಾಲಿಯಿತ್ತು. ಅವಳದರ ಮೇಲೆ ಅವನ ಅಕ್ಷರ: ಮೆಣಸಿನಕಾಯಿ. ಅವನು ತನ್ನದನ್ನು ಪಕ್ಕದಲ್ಲಿಟ್ಟು ತಿರುಗಿದ.

“ಕೋಪ ಇಳೀತಾ?”

“ಇಲ್ಲ. ಮದುವೆಗೆ ಮುಂಚೆ ಜಡೆ ಹಾಕೋದು ಕಲಿ.”

“ನಾನ್ಯಾಕೆ? ಕಾಯಿಲೆ ಬಂದ್ರೆ ನನಗೆ ತಾನೇ ಬರೋದು?”

ಈಗ ಅವಳ ಕಣ್ಣು ತುಂಬಿ ಬಂತು.

“ನನಗೆ ಯಾವತ್ತೂ ಏನೂ ಬರಲ್ಲ ಅಂತ ನಿನಗೆ ಹೇಳಿದವರು ಯಾರು, ಗೂಬೆ?”